ಬಚ್ಚಲುಮನೆಯ ಕಲೆ ಮತ್ತು ಬೂಸ್ಟು: ಉಡುಪಿ ಸೀಮೆಯ ಒಂದು ಸಮೀಕ್ಷೆ

ಬಚ್ಚಲುಮನೆಯ ಗೋಡೆ, ನೆಲ, ನಲ್ಲಿ, ಚಾವಣಿಗಳ ಮೇಲೆ ದಿನಗಳೆದಂತೆ ಮೂಡುವ ಕಲೆಗಳು ಹುಟ್ಟಿನಿಂದಲೇ ಎರಡು ಬಗೆ. ಕೆಲವು ನಿರ್ಜೀವ: ನೀರಿನಲ್ಲಿ ಕರಗಿ ಬಂದ ಕಬ್ಬಿಣ, ಸುಣ್ಣ, ತಾಮ್ರ, ಉಪ್ಪು. ಉಳಿದವು ಸಜೀವ: ಬೂಸ್ಟು ಎಂದು ಕರೆಯುವ ಶಿಲೀಂಧ್ರ, ಹಾವಸೆ ಅಥವಾ ಪಾಚಿ, ಬಣ್ಣ ಕಟ್ಟುವ ಬ್ಯಾಕ್ಟೀರಿಯಾ. ಮೊದಲಿನವು ಹೆಚ್ಚಾಗಿ ನೀರು ಆರಿದ ಮೇಲೆ ಉಳಿಯುವ ಕಲೆಗಳು, ಎರಡನೆಯವು ನೀರು ಆರದೆ ಉಳಿದದ್ದರಿಂದ ಆಗುವ ಕಲೆಗಳು. ಮನೆವಾರ್ತೆಯಲ್ಲಿ ಈ ಭೇದ ಕಾಣದೆ ಎಲ್ಲಕ್ಕೂ ಒಂದೇ ಬಾಟಲಿಯ ಆ್ಯಸಿಡ್ ಸುರಿಯುವುದು ರೂಢಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಂಥ ಮಳೆಸೀಮೆಯಲ್ಲಿ ಈ ರೂಢಿ ಕಲೆಯನ್ನು ಕಡಿಮೆ ಮಾಡುವ ಬದಲು ಮುಂದಿನ ವರ್ಷಕ್ಕೆ ನೆಲೆ ಒದಗಿಸುತ್ತದೆ. ಇಲ್ಲಿ ಬೂಸ್ಟಿನ ಪ್ರಶ್ನೆ ಮೊದಲು ಆರುವಿಕೆಯ ಪ್ರಶ್ನೆ, ಆಮೇಲೆ ತೊಳೆಯುವಿಕೆಯದು. ನಿರ್ಜೀವ ಕಲೆಗಳ ಪ್ರಶ್ನೆ ನೀರಿನ ಮೂಲದ್ದು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳದ್ದು. ಆ ದಿನಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಹೆಚ್ಚಿನ ಹೊತ್ತು ಶೇ. 85ರ ಮೇಲೆಯೇ ಇರುತ್ತದೆ. ಗೋಡೆಯ ಮೈಯಲ್ಲಿ ಆರ್ದ್ರತೆ ಶೇ. 80ರ ಸುತ್ತ ದಿನಗಟ್ಟಲೆ ನಿಂತರೆ ಸಾಮಾನ್ಯ ಬೂಸ್ಟುಗಳು ಬೇರು ಬಿಡಲು ಅಷ್ಟೇ ಸಾಕು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅವಕ್ಕೆ ಹಿತ, ಮಳೆಗಾಲದ ಕರಾವಳಿಯಲ್ಲಿ ಅದೂ ಸಿದ್ಧವಾಗಿಯೇ ಇದೆ. ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಐದಡಿ ಅಗಲ, ಎಂಟಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲುಮನೆಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಇರುತ್ತದೆ. ಮಿಂದ ಮೇಲೆ 10 ಚದರ ಮೀಟರ್ ಗೋಡೆ ಮತ್ತು ನೆಲದ ಮೇಲೆ ಮಿಲಿಮೀಟರಿನ ಹತ್ತನೆಯ ಒಂದರಷ್ಟು ದಪ್ಪದ ನೀರಿನ ಪೊರೆ ಉಳಿಯಿತು ಎಂದುಕೊಂಡರೆ ಅದು ಒಂದು ಲೀಟರ್. ಜುಲೈಯಲ್ಲಿ 26 ಡಿಗ್ರಿಯ, ಶೇ. 90 ಆರ್ದ್ರತೆಯ ಗಾಳಿ ಘನ ಮೀಟರಿಗೆ ಆಗಲೇ 22 ಗ್ರಾಂ ಆವಿ ಹೊತ್ತಿರುತ್ತದೆ; ಇನ್ನು ಹೊರಬಲ್ಲದ್ದು ಎರಡೂವರೆ ಗ್ರಾಮಿಗಿಂತ ಕಡಿಮೆ. ಅಂದರೆ ಆ ಒಂದು ಲೀಟರ್ ಆರಬೇಕಾದರೆ 400 ಘನ ಮೀಟರಿಗೂ ಹೆಚ್ಚು ಗಾಳಿ, ಕೋಣೆ ತುಂಬಾ ಗಾಳಿ ನಲವತ್ತಕ್ಕೂ ಹೆಚ್ಚು ಸಲ ಬದಲಾಗಬೇಕು. ಮಾರ್ಚಿನಲ್ಲಿ 32 ಡಿಗ್ರಿ, ಶೇ. 60 ಆರ್ದ್ರತೆಯ ಮಧ್ಯಾಹ್ನವಾದರೆ ಏಳೆಂಟು ಸಲ ಬದಲಾದರೆ ಮುಗಿಯಿತು. ಬೇಸಗೆಯಲ್ಲಿ ತಾನಾಗಿಯೇ ಆರುವ ಅದೇ ಬಚ್ಚಲು ಮಳೆಗಾಲದ ಆಟಿ ತಿಂಗಳಲ್ಲಿ ಇಡೀ ದಿನ ಜಿನುಗುತ್ತಿರಲು ಕಾರಣ ಇದು. ಮನೆಯವರ ಅಚ್ಚುಕಟ್ಟಿನಲ್ಲಿ ಬಂದ ಕೊರತೆ ಅಲ್ಲ. ಬೂಸ್ಟು ಕಂಡ ಕೂಡಲೇ ಮನೆಯ ಹೆಂಗಸನ್ನು ಸೋಮಾರಿ ಎನ್ನುವ ಮಾತು ಈ ಸೀಮೆಯ ಮಟ್ಟಿಗಂತೂ ಅನ್ಯಾಯ.

ಈ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಿಸಿ ನೋಡಬೇಕು. ಅದೇ ಜುಲೈಯ ಗಾಳಿಯನ್ನು 26ರಿಂದ 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಅದರ ಆರ್ದ್ರತೆ ಶೇ. 90ರಿಂದ ಸುಮಾರು 72ಕ್ಕೆ ಇಳಿಯುತ್ತದೆ. ಹೊರಬಲ್ಲ ನೀರು ಮೂರೂವರೆ ಪಟ್ಟು ಹೆಚ್ಚುತ್ತದೆ. ಬರೀ ನಾಲ್ಕು ಡಿಗ್ರಿ. ಕರಾವಳಿಯ ಹಳೆಯ ಬಚ್ಚಲು ಕೊಟ್ಟಿಗೆ ದಿನವೂ ಒದಗಿಸುತ್ತಿದ್ದುದು ಈ ನಾಲ್ಕಾರು ಡಿಗ್ರಿಯನ್ನೇ. ಮುಖ್ಯ ಮನೆಗೆ ತಾಗಿಯೂ ತಾಗದಂತೆ ಕಟ್ಟಿದ ಕೊಟ್ಟಿಗೆ, ಒಲೆಯ ಮೇಲೆ ಹೂತ ತಾಮ್ರದ ಹಂಡೆ, ತೆಂಗಿನ ಮಡಲು, ಸೋಗೆ, ಸಿಪ್ಪೆಗಳ ಉರಿ, ಮೇಲೆ ಹಂಚಿನ ಮಾಡು. ಬೆಳಗ್ಗೆ ಹೊತ್ತಿಸಿದ ಬೆಂಕಿ ಮಧ್ಯಾಹ್ನದವರೆಗೂ ಕೆಂಡವಾಗಿ ಗೋಡೆಯನ್ನು ಬೆಚ್ಚಗಿಡುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಮಂಗಳೂರು ಹಂಚು ಮಳೆಯನ್ನು ತಡೆಯುತ್ತದೆ, ಆದರೆ ಹಂಚುಹಂಚಿನ ನಡುವಣ ಸಂದಿಯಿಂದ ಹೊಗೆಯನ್ನೂ ಆವಿಯನ್ನೂ ಬಿಟ್ಟುಕೊಡುತ್ತದೆ. ಬಿಸಿ ಗಾಳಿ ಮೇಲೇರಿ ಹೊರಹೋಗಲು ಇಡೀ ಮಾಡೇ ಕಿಂಡಿ. ಇದೇ ತತ್ತ್ವವನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲೂ ಕಾಣಬಹುದು: ಮಳೆಗಾಲದಲ್ಲಿ ತೆಂಗಿನಕಾಯಿ, ಕೊಬ್ಬರಿ, ಬೀಜದ ಭತ್ತ ಬೂಸ್ಟು ಹಿಡಿಯದಂತೆ ಅಲ್ಲಿಡುವುದು ಶಾಖವನ್ನೂ ಹೊಗೆಯನ್ನೂ ನಂಬಿ. ಹೊಗೆಯಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಶಿಲೀಂಧ್ರವನ್ನು ತಡೆಯುತ್ತವೆ.

ಹಳೆಯದನ್ನು ಹೊಗಳಿ ಹೊಸದನ್ನು ಹಳಿಯುವ ವಾದ ಇದಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಹಳೆಯ ಬಚ್ಚಲು ಕತ್ತಲ ಗೂಡು, ಗೋಡೆಯೆಲ್ಲ ಮಸಿ; ಬೂಸ್ಟು ಬಂದಿದ್ದರೂ ಆ ಕಪ್ಪಿನಲ್ಲಿ ಕಾಣುತ್ತಿರಲಿಲ್ಲ. ಒದ್ದೆ ಸೌದೆಯ ಹೊಗೆಯನ್ನು ಹೀರಿ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡವರು ಹಂಡೆಗೆ ಉರಿ ಹಾಕುತ್ತಿದ್ದ ಹೆಂಗಸರು. ನೀರು ಹೋಗುವ ಹಿತ್ತಿಲ ಕಡೆಯ ಕಲ್ಲಿನ ಮೇಲೆ ಹಾವಸೆ ಕಟ್ಟಿ ಮುದುಕರು ಜಾರಿ ಬೀಳುತ್ತಿದ್ದುದೂ ಉಂಟು. ಆದ್ದರಿಂದ ಹಿಂದಿರುಗಿ ತರಬೇಕಾದದ್ದು ಹೊಗೆಯನ್ನಲ್ಲ. ಹಳೆಯ ಬಚ್ಚಲಿನಲ್ಲಿ ಒಣಗಿಸುವ ಸಾಧನವೊಂದು ಕಟ್ಟಡದ ಭಾಗವಾಗಿಯೇ ಇತ್ತು, ಗೀಸರ್ ಬಂದಾಗ ನೀರು ಕಾಯಿಸುವ ಕೆಲಸ ಅದಕ್ಕೆ ಹೋಯಿತು, ಗೋಡೆ ಒಣಗಿಸುವ ಕೆಲಸ ಯಾರಿಗೂ ಹೋಗಲಿಲ್ಲ ಎಂಬುದನ್ನು ಮಾತ್ರ ಗುರುತಿಸಬೇಕು. ಬೆಂಕಿಯ ಜೊತೆಗೆ ಮಾಡಿನ ಸಂದಿಯೂ ಹೋಯಿತು, ತಾರಸಿ ಬಂತು. ಬಚ್ಚಲು ಮಲಗುವ ಕೋಣೆಯ ಒಳಗೆ ಬಂತು. ಮೂರು ಬದಲಾವಣೆಗಳೂ ಒಂದೇ ದಿಕ್ಕಿಗೆ ಎಳೆದವು.

ನಿರ್ಜೀವ ಕಲೆಗಳಲ್ಲಿ ಊರೂರಿಗೆ ಬಣ್ಣ ಬೇರೆ, ಏಕೆಂದರೆ ನೀರು ಬೇರೆ. ಉಡುಪಿ, ಮಣಿಪಾಲದ ಗುಡ್ಡಗಳದ್ದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಮುರಕಲ್ಲಿನಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಲಕ್ಷಾಂತರ ವರ್ಷಗಳ ಮಳೆ ಅದನ್ನು ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಮನ್ನಷ್ಟೇ ಉಳಿಸಿದೆ. ಹಾಗಾಗಿ ಇಲ್ಲಿನ ತೆರೆದ ಬಾವಿಯ ನೀರು ಮೆದು, ತುಸು ಆಮ್ಲೀಯ. ಬಯಲುಸೀಮೆಯ ಮನೆಗಳಲ್ಲಿ ಬಕೆಟ್ಟಿಗೂ ನಲ್ಲಿಗೂ ಕಟ್ಟುವ ದಪ್ಪ ಬಿಳಿ ಗಾರೆ ಬಾವಿ ನೀರಿನ ಮನೆಗಳಲ್ಲಿ ಅಪರೂಪ. ಬದಲಿಗೆ, ತೊಟ್ಟಿಕ್ಕುವ ಹಿತ್ತಾಳೆ ನಲ್ಲಿಯ ಕೆಳಗೆ ನೀಲಿಹಸಿರು ಗೆರೆ ಕಾಣಿಸುತ್ತದೆ. ಆಮ್ಲೀಯ ನೀರು ಲೋಹದೊಳಗಿನ ತಾಮ್ರವನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತಿದೆ ಎಂಬುದರ ಗುರುತು ಅದು. ಕಲೆ ತಿಕ್ಕುವ ಮೊದಲು ನಲ್ಲಿಯ ವಾಶರ್ ಬದಲಿಸುವುದು ಲೇಸು. ಬಾವಿ ಬಿಟ್ಟು ಬೋರ್‌ವೆಲ್ ತೋಡಿದ ಕಡೆ, ಕಾರ್ಕಳದ ಒಳನಾಡಿನಲ್ಲೂ, ಗೋಳು ಕಬ್ಬಿಣದ್ದು. ಆಳದ ನೀರಿನಲ್ಲಿ ಆಮ್ಲಜನಕ ಇಲ್ಲದ ಕಾರಣ ಕಬ್ಬಿಣ ಕರಗಿದ ರೂಪದಲ್ಲಿ, ಬಣ್ಣವಿಲ್ಲದೆ ಇರುತ್ತದೆ. ಬಕೆಟ್ಟಿಗೆ ಬಿದ್ದು ಗಾಳಿ ತಗಲಿ ಸ್ವಲ್ಪ ಹೊತ್ತಿನಲ್ಲಿ ಕೆಂಪು ಕಂದಾಗಿ ತಳಕ್ಕಿಳಿಯುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೂ ಬೇಸಿನ್ನಿಗೂ ಕಲೆ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿ ಹೇಳುತ್ತದೆ. ಈ ಕಂದು ಕಲೆಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವುದು ತೀರ ತಪ್ಪು ಮದ್ದು: ಅದು ಕಬ್ಬಿಣವನ್ನು ಇನ್ನಷ್ಟು ಉತ್ಕರ್ಷಿಸಿ ಬಣ್ಣವನ್ನು ಗಟ್ಟಿ ಮಾಡುತ್ತದೆ. ಇಲ್ಲಿ ಬೇಕಾದದ್ದು ಕಬ್ಬಿಣವನ್ನು ಹಿಡಿದು ಕರಗಿಸುವ ಹುಳಿ. ಆಕ್ಸಾಲಿಕ್ ಆಮ್ಲ ಅದರಲ್ಲಿ ಹೆಸರಾದದ್ದು, ಮತ್ತು ಹಿತ್ತಿಲ ಬಿಂಬುಳಿ ಕಾಯಿಯಲ್ಲಿ ಅದು ಧಾರಾಳವಾಗಿದೆ. ಬಿಂಬುಳಿಯಿಂದಲೋ ಹುಣಸೆಹುಳಿಯಿಂದಲೋ ತಾಮ್ರ ಹಿತ್ತಾಳೆ ಬೆಳಗುತ್ತಿದ್ದ ಕೈಗಳಿಗೆ ಈ ರಸಾಯನ ಗೊತ್ತಿತ್ತು. ಅಂದ ಮಾತ್ರಕ್ಕೆ ಕಬ್ಬಿಣದ ನೀರು ದಿನವೂ ಬರುವ ಮನೆಯಲ್ಲಿ ಹುಳಿ ತಿಕ್ಕುತ್ತ ಕೂರುವುದು ಪರಿಹಾರವಲ್ಲ. ಟ್ಯಾಂಕಿಗೆ ಬೀಳುವ ಮೊದಲು ನೀರನ್ನು ಗಾಳಿಗೆ ಚಿಮ್ಮಿಸಿ, ಮರಳಿನಲ್ಲಿ ಸೋಸಿ ಬಿಟ್ಟರೆ ಕಲೆ ಬಚ್ಚಲಿಗೆ ಬರುವುದೇ ತಪ್ಪುತ್ತದೆ.

ಕಾಪುವಿನ ಕಡಲಂಚಿನ ಮನೆಗಳಿಗೆ ಇನ್ನೊಂದು ಬಾಧೆ. ಗಾಳಿಯೊಂದಿಗೆ ಬರುವ ಉಪ್ಪಿನ ಸೂಕ್ಷ್ಮ ಹನಿಗಳು ಗೋಡೆ, ಕಿಟಕಿ ಸರಳುಗಳ ಮೇಲೆ ಕೂರುತ್ತವೆ. ಬೇಸಗೆಯ ಕೊನೆಗೆ ಕೆಲವು ಬಾವಿಗಳ ನೀರೂ ಉಪ್ಪಾಗುತ್ತದೆ. ಅಡುಗೆ ಉಪ್ಪು ಶೇ. 75 ಆರ್ದ್ರತೆ ದಾಟಿದೊಡನೆ ಗಾಳಿಯಿಂದ ನೀರೆಳೆದು ತಾನೇ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯ ಗಾರೆಯಲ್ಲಿ ಉಪ್ಪು ಹೊಕ್ಕಿದ್ದರೆ ಆ ಗೋಡೆ ನಾಲ್ಕು ತಿಂಗಳೂ ತಾನೇ ನೀರು ಕುಡಿಯುತ್ತಿರುತ್ತದೆ, ಚಳಿಗಾಲದಲ್ಲಿ ಆರಿ ಬಿಳಿ ಹುಡಿ ಉದುರಿಸುತ್ತದೆ. ಈ ಬಿಳಿ ಹುಡಿಯನ್ನು ಬೂಸ್ಟೆಂದು ಭ್ರಮಿಸುವುದುಂಟು. ಒಂದು ಚಿಟಿಕೆಯನ್ನು ನೀರಿಗೆ ಹಾಕಿ ನೋಡಿದರೆ ಉಪ್ಪು ಕರಗುತ್ತದೆ, ಬೂಸ್ಟು ಕರಗುವುದಿಲ್ಲ. ಇಂಥ ಹುಡಿಯನ್ನು ಒಣ ಬ್ರಶ್ಶಿನಿಂದ ಗುಡಿಸಿ ತೆಗೆಯಬೇಕು. ನೀರು ಹೊಯ್ದು ತೊಳೆದರೆ ಉಪ್ಪು ಮರಳಿ ಗೋಡೆಯೊಳಗೇ ಹೋಗುತ್ತದೆ.

ಸಜೀವ ಕಲೆಗಳಲ್ಲಿ ಹಸಿರು ಪಾಚಿಗೆ ಬೆಳಕು ಬೇಕು; ಆದ್ದರಿಂದ ಅದು ಕಿಟಕಿಯ ದಂಡೆ, ಹೊರಗೋಡೆ, ಅಂಗಳ ಬಿಟ್ಟು ಒಳಗೆ ಹೆಚ್ಚು ಬರುವುದಿಲ್ಲ. ಬೇಸಿನ್ನಿನ ಅಂಚಿಗೆ, ಸೋಪಿನ ತಟ್ಟೆಯಡಿಗೆ ಕಟ್ಟುವ ನಸುಗೆಂಪು ಲೋಳೆ ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ. ಹಲವು ಸಲ ಅದು ಸೆರಾಶಿಯಾ ಮಾರ್ಸೆಸೆನ್ಸ್ ಎಂಬ ಜಾತಿ. 1819ರಲ್ಲಿ ಇಟಲಿಯ ಪಾದುವಾ ಬಳಿ ಮೆಕ್ಕೆಜೋಳದ ಅಂಬಲಿಯ ಮೇಲೆ ರಕ್ತದಂತೆ ಕಂಡು ಜನರನ್ನು ಹೆದರಿಸಿದ ಬಣ್ಣ ಇದರದ್ದೇ ಎಂದು ಬಾರ್ತೊಲೊಮಿಯೊ ಬಿಜಿಯೊ ತೋರಿಸಿಕೊಟ್ಟ. ಟೈಲ್ಸ್ ಸಂದಿಯ, ಸಿಲಿಕೋನ್ ಅಂಟಿನ, ಚಾವಣಿಯ ಕಪ್ಪು ಚುಕ್ಕೆಗಳು ನಿಜವಾದ ಬೂಸ್ಟು: ಕ್ಲ್ಯಾಡೋಸ್ಪೋರಿಯಮ್, ಆರಿಯೊಬೇಸಿಡಿಯಮ್, ಆಸ್ಪರ್ಜಿಲಸ್ ಮುಂತಾದ ಕುಲಗಳವು. ಇವುಗಳ ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇರುವುದರಿಂದ ಬಾರದಂತೆ ತಡೆಯಲಾಗದು. ನೀರು ಸಿಕ್ಕರಾಯಿತು, ಆಹಾರ ಸಿಕ್ಕರಾಯಿತು. ಪಿಂಗಾಣಿ ಟೈಲ್ಸ್ ಆಹಾರವಲ್ಲ. ಅದರ ಮೇಲೆ ಕೂರುವ ತೆಂಗಿನೆಣ್ಣೆ, ಸೋಪಿನ ಜಿಡ್ಡು, ಮೈಯಿಂದ ಉದುರುವ ಚರ್ಮದ ಹುಡಿ ಆಹಾರ. ತಲೆಗೂ ಮೈಗೂ ಎಣ್ಣೆ ಹಚ್ಚಿ ಮೀಯುವ ನಾಡಿನಲ್ಲಿ ಈ ಜಿಡ್ಡಿಗೆ ಕೊರತೆಯಿಲ್ಲ. ವಾರಕ್ಕೊಮ್ಮೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೆಂಗಿನ ನಾರಿನಿಂದ ಗೋಡೆ ಉಜ್ಜುವುದು ಬೂಸ್ಟನ್ನು ಕೊಲ್ಲುವುದಿಲ್ಲ ನಿಜ, ಆದರೆ ಅದರ ಊಟ ಕಸಿದುಕೊಳ್ಳುತ್ತದೆ. ಕೊಲ್ಲುವ ಮದ್ದಿಗಿಂತ ಇದು ದೊಡ್ಡ ಕೆಲಸ.

ಈಗ ಆ್ಯಸಿಡ್ಡಿನ ಮಾತು. ಬಚ್ಚಲು ತೊಳೆಯಲು ಮಾರುವ ಆ್ಯಸಿಡ್ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣದ ಗಾರೆಯನ್ನು ಕರಗಿಸುತ್ತದೆ; ಇಲ್ಲಿನ ಮೆದು ನೀರಿನ ಮನೆಗಳಲ್ಲಿ ಕರಗಿಸಬೇಕಾದ ಆ ಗಾರೆಯೇ ಕಡಿಮೆ. ಕರಗುವುದು ಟೈಲ್ಸ್ ಸಂದಿಯ ಸಿಮೆಂಟು. ತೊಳೆದ ದಿನ ಸಂದಿ ಬೆಳ್ಳಗೆ ಕಾಣುವುದು ಅದರ ಮೇಲ್ಪದರ ಬೂಸ್ಟಿನ ಸಮೇತ ಕೊಚ್ಚಿಹೋದದ್ದರಿಂದ. ಉಳಿದ ಸಂದಿ ಮೊದಲಿಗಿಂತ ತೂತುತೂತು, ಹೆಚ್ಚು ನೀರು ಹಿಡಿಯುವಂಥದ್ದು. ಮುಂದಿನ ಬೂಸ್ಟು ಇನ್ನೂ ಆಳಕ್ಕಿಳಿಯುತ್ತದೆ. ವರ್ಷ ವರ್ಷ ಆ್ಯಸಿಡ್ ಕಂಡ ಸಂದಿಗಳ ಮೂಲಕ ನೀರು ಟೈಲ್ಸಿನ ಹಿಂದಕ್ಕೇ ಹೊಕ್ಕು, ಗೋಡೆಯ ಆಚೆ ಬದಿಯ ಮಲಗುವ ಕೋಣೆಯಲ್ಲಿ ಬಣ್ಣ ಉಬ್ಬಿಸುತ್ತದೆ. ಆ್ಯಸಿಡ್ ದಾಳಿಗಳನ್ನು ಕಂಡು 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ವಿಧಿಸಿದ್ದು ಬೇರೆ ಕಾರಣಕ್ಕಾದರೂ, ಮನೆಯಲ್ಲಿ ಅದನ್ನು ಇಟ್ಟುಕೊಳ್ಳದಿರಲು ಇನ್ನೊಂದು ಸಕಾರಣ. ಬೂಸ್ಟಿಗೆ ಬೇಕಾದ ಮದ್ದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್. ನೀರು ಬೆರೆಸಿ ತೆಳುಮಾಡಿ, ಜಿಡ್ಡು ತೊಳೆದ ಸಂದಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಮೇಲಿನ ಬೂಸ್ಟು ಸಾಯುತ್ತದೆ, ಕಪ್ಪೂ ಮಾಸುತ್ತದೆ. ಆಳಕ್ಕಿಳಿದುದನ್ನು ಅದು ಮುಟ್ಟದು. ಬ್ಲೀಚಿನ ಜೊತೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಾಪಾಯ. ಒಂದೇ ದಿನ ಎರಡನ್ನೂ ಬಳಸಲೇಬಾರದು. ಇನ್ನೂ ಒಂದು ಎಚ್ಚರ ಈ ಊರಿಗೇ ಹೇಳಬೇಕಾದದ್ದು: ಇಲ್ಲಿ ಎಷ್ಟೋ ಮನೆಗಳ ಬಚ್ಚಲ ನೀರು ಇಂಗುಗುಂಡಿಗೆ ಹೋಗುತ್ತದೆ, ಮುರಕಲ್ಲಿನ ನೆಲ ಜರಡಿಯಂತೆ, ಹತ್ತಿರದಲ್ಲೇ ಕುಡಿಯುವ ನೀರಿನ ಬಾವಿ. ಬಕೆಟ್‌ಗಟ್ಟಲೆ ರಾಸಾಯನಿಕ ಸುರಿಯುವ ಕೈ ಅದನ್ನು ನೆನಪಿಡಬೇಕು.

ತೊಳೆಯುವುದು ಹೀಗೆ ಮುಗಿದರೆ ಆರಿಸುವುದು ಹೇಗೆ? ಮಳೆಗಾಲದಲ್ಲಿ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಬರುವುದಿಲ್ಲವೇ ಎಂಬ ಆಕ್ಷೇಪ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ, ಕಿಟಕಿ ಮುಚ್ಚಿಯೇ ಇರುತ್ತದೆ. ಉತ್ತರ ಹೊತ್ತಿನ ಮೇಲೆ ನಿಂತಿದೆ. ಬಿಸಿನೀರು ಮಿಂದ ಕೂಡಲೇ ಒಳಗಿನ ಗಾಳಿ 32 ಡಿಗ್ರಿಯಲ್ಲಿ ಆವಿ ತುಂಬಿ ಘನ ಮೀಟರಿಗೆ 34 ಗ್ರಾಮಿನಷ್ಟು ನೀರು ಹೊತ್ತಿರುತ್ತದೆ. ಹೊರಗೆ ಸುರಿಯುವ ಮಳೆಯಿದ್ದರೂ 22 ಗ್ರಾಂ. ಆಗ ತೆರೆದ ಕಿಟಕಿ ನೀರನ್ನು ಹೊರಗೇ ಒಯ್ಯುತ್ತದೆ. ಬಚ್ಚಲು ತಣಿದ ಮೇಲೆ ಅದೇ ಕಿಟಕಿಯಿಂದ ದೊಡ್ಡ ಲಾಭವಿಲ್ಲ. ಹೀಗಾಗಿ ಮಿಂದ ಮೊದಲ ಅರ್ಧ ಗಂಟೆಗೆ ಬೆಲೆ. ಆದರೆ ನಿರ್ಣಾಯಕವಾದದ್ದು ಕಿಟಕಿಯೂ ಅಲ್ಲ, ಫ್ಯಾನೂ ಅಲ್ಲ. ನೆಲ ಒರೆಸುವ ರಬ್ಬರಿನ ವೈಪರ್. ಹಿಂದೆ ಹೇಳಿದ ಒಂದು ಲೀಟರ್ ನೀರಿನ ಹತ್ತರಲ್ಲಿ ಒಂಬತ್ತು ಪಾಲನ್ನು ಗೋಡೆಯಿಂದಲೂ ನೆಲದಿಂದಲೂ ಎಳೆದು ಮೋರಿಗೆ ಬಿಟ್ಟರೆ ಆರಬೇಕಾದದ್ದು ನೂರು ಗ್ರಾಂ ಮಾತ್ರ. ಗಂಟೆಗೆ 200 ಘನ ಮೀಟರ್ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನ್ ಇದ್ದರೆ ಕಾಲು ಗಂಟೆಯ ಲೆಕ್ಕ. ಒರೆಸದೆ ಬಿಟ್ಟರೆ ಅದೇ ಫ್ಯಾನ್ ಎರಡು ಗಂಟೆಗೂ ಮಿಕ್ಕಿ ತಿರುಗಬೇಕು. ನೀರನ್ನು ಆವಿ ಮಾಡಿ ಓಡಿಸುವುದಕ್ಕಿಂತ ನೀರಾಗಿಯೇ ಓಡಿಸುವುದು ಅಗ್ಗ. ದಿನಕ್ಕೆ ಎರಡು ನಿಮಿಷದ ಕೆಲಸ, ಮಿಂದವರೇ ಮಾಡಬೇಕಾದದ್ದು. ಇದನ್ನೂ ಮನೆಯ ಒಬ್ಬಳ ತಲೆಗೆ ಕಟ್ಟಿದರೆ ಕೆಲಸ ನಿಲ್ಲುತ್ತದೆ.

ಮಣಿಪಾಲದ ಬಹುಮಹಡಿ ವಸತಿಗಳಲ್ಲಿ ತೊಡಕು ಇನ್ನಷ್ಟು. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾದಾಗಿನಿಂದ ಬೆಳೆಯುತ್ತ ಬಂದ ಈ ಊರಿನಲ್ಲಿ ವಿದ್ಯಾರ್ಥಿಗಳ, ನೌಕರರ ಬಾಡಿಗೆ ಫ್ಲ್ಯಾಟುಗಳು ಹೇರಳ. ಇಂಥ ಕಟ್ಟಡಗಳಲ್ಲಿ ಬಚ್ಚಲ ಕಿಂಡಿ ಹೆಚ್ಚಾಗಿ ಹೊರಗಿನ ಬಯಲಿಗಲ್ಲ, ಕೊಳವೆಗಳು ಇಳಿಯುವ ಕಿರಿದಾದ ಡಕ್ಟಿಗೆ ತೆರೆಯುತ್ತದೆ. ಹತ್ತು ಬಚ್ಚಲುಗಳ ಆವಿ ಅಲ್ಲೇ ಸುತ್ತುತ್ತದೆ. ಫ್ಯಾನ್ ಹಾಕಿದರೂ ಬಾಗಿಲ ಕೆಳಗೆ ಒಂದಂಗುಲ ಸಂದಿ ಇಲ್ಲದಿದ್ದರೆ ಒಳಬರಲು ಗಾಳಿಯಿಲ್ಲದೆ ಅದು ಸುಮ್ಮನೆ ತಿರುಗುತ್ತದೆ. ರಜೆಗೆ ಬೀಗ ಹಾಕಿ ಹೋದ ಕೋಣೆಗೆ ಹದಿನೈದು ದಿನ ಕಳೆದು ಬಂದಾಗ ಚಾವಣಿಯೆಲ್ಲ ಕಪ್ಪು ಚುಕ್ಕೆ ಬಿದ್ದಿರುವುದುಂಟು. ಮೀಯುವವರೇ ಇಲ್ಲದಾಗ ಬೂಸ್ಟು ಎಲ್ಲಿಂದ ಬಂತು, ಒರೆಸುವ ವಾದ ಇಲ್ಲಿ ಬಿದ್ದುಹೋಗಲಿಲ್ಲವೇ ಎಂದು ಕೇಳಿದರೆ, ಅಷ್ಟರ ಮಟ್ಟಿಗೆ ಬಿದ್ದುಹೋಯಿತೆಂದು ಒಪ್ಪಬೇಕು. ಹೊರಗಿನ ಗಾಳಿಯೇ ಶೇ. 90 ಇರುವಾಗ ನೀರು ಹೀರುವ ಬಣ್ಣ, ಮರದ ಬಾಗಿಲು, ಪರದೆ, ಕಪಾಟಿನ ಚಪ್ಪಲಿ ಯಾವುದನ್ನೂ ಒರೆಸುವಿಕೆ ಕಾಯಲಾರದು. ಅಲ್ಲಿ ಕೆಲಸಕ್ಕೆ ಬರುವುದು ಎರಡೇ: ಆಗಾಗ ತುಸು ಶಾಖ, ಇಲ್ಲವೇ ಬೂಸ್ಟಿಗೆ ಒಗ್ಗದ ಮೈ.

ಒಗ್ಗದ ಮೈಯೆಂದರೆ ಹಿಂದೆ ಸುಣ್ಣ. ಹೊಸದಾಗಿ ಬಳಿದ ಸುಣ್ಣದ ಕ್ಷಾರತೆಯಲ್ಲಿ ಶಿಲೀಂಧ್ರ ಮೊಳೆಯಲಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಕಲ್ಲಾದಂತೆ ಆ ಶಕ್ತಿ ಕುಗ್ಗುತ್ತದೆ, ಅದಕ್ಕೇ ವರ್ಷವರ್ಷ ಬಳಿಯುವುದು. ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬಕ್ಕೆ ಬಚ್ಚಲನ್ನು ತಿಕ್ಕಿ ತೊಳೆದು, ಹಂಡೆ ಬೆಳಗಿ, ಬಳ್ಳಿ ಕಟ್ಟಿ ಸಿಂಗರಿಸುವ ಆಚಾರ ಮಳೆ ಮುಗಿದ ಮೇಲಿನ ದೊಡ್ಡ ತೊಳೆತವೂ ಹೌದು. ಈಗಿನ ಪ್ಲಾಸ್ಟಿಕ್ ಎಮಲ್ಷನ್ ಬಣ್ಣಕ್ಕೆ ಬೂಸ್ಟುನಿರೋಧಕ ಬೆರೆಸಿರುವುದುಂಟು. ಅದು ಕೆಲವು ವರ್ಷಗಳಲ್ಲಿ ಕರಗಿಹೋಗುತ್ತದೆ, ಜಿಡ್ಡು ಕೂತ ಮೇಲಂತೂ ಬೂಸ್ಟು ಬಣ್ಣವನ್ನು ಮುಟ್ಟದೆ ಜಿಡ್ಡಿನ ಮೇಲೆಯೇ ಬೆಳೆಯುತ್ತದೆ. ಹಾಗೆಂದು ಹೊಸದೆಲ್ಲ ಸೋತಿತು ಎನ್ನುವಂತಿಲ್ಲ. ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್ ತುಂಬಿದ ಸಂದಿ ನೀರು ಹೀರುವುದೇ ಇಲ್ಲ. ಬೆಲೆ ಹೆಚ್ಚು, ಆದರೆ ಈ ಹವೆಯಲ್ಲಿ ಆ ಬೆಲೆಗೆ ತಕ್ಕುದು.

ಬಚ್ಚಲಿನ ಎಲ್ಲ ತೇವವೂ ಸ್ನಾನದ್ದಲ್ಲ. ಒಂದೇ ಕಡೆ, ಒಂದೇ ಆಕಾರದಲ್ಲಿ ಮರಳಿ ಮರಳಿ ಬರುವ ಕಲೆ ಮೇಲಿನ ಮನೆಯ ಕೊಳವೆಯದೋ ತಾರಸಿಯ ಬಿರುಕಿನದೋ ಆಗಿರುತ್ತದೆ. ಪರೀಕ್ಷೆ ಸುಲಭ: ಗೋಡೆ ಒರೆಸಿ, ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹಾಳೆಯ ಹಿಂಬದಿ ಕಟ್ಟಿದರೆ ನೀರು ಗೋಡೆಯೊಳಗಿನದು, ಮುಂಬದಿ ಕಟ್ಟಿದರೆ ಗಾಳಿಯದು. ಉಡುಪಿ ಸೀಮೆಯಲ್ಲಿ ತಾರಸಿಯ ಮೇಲೂ ಶೀಟಿನ ಮಾಡು ಹಾಕಿಸುವವರು ಇಷ್ಟೊಂದು ಮಂದಿ ಇರುವುದು ಸೋರಿಕೆಯ ಅನುಭವದಿಂದಲೇ. ಆರೋಗ್ಯದ ಮಾತನ್ನು ಇಲ್ಲಿ ಹದವಾಗಿ ಹೇಳಬೇಕು. ತೇವ ಮತ್ತು ಬೂಸ್ಟು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ ತೇವದ ಮನೆಗಳಿಗೂ ಅಸ್ತಮಾ, ಕೆಮ್ಮು, ಉಬ್ಬಸಗಳಿಗೂ ನಂಟಿದೆ ಎನ್ನುತ್ತದೆ. ಕಪ್ಪು ಬೂಸ್ಟೆಲ್ಲ ವಿಷ ಎಂಬ ಹೆದರಿಕೆಗೆ ಅಂಥ ಆಧಾರವಿಲ್ಲ. ಯಾವ ಜಾತಿಯೆಂದು ಪರೀಕ್ಷೆಗೆ ಹಣ ಸುರಿಯುವುದಕ್ಕಿಂತ ತೇವ ನಿಲ್ಲಿಸುವುದು ಮೇಲು. ಮನೆಯಲ್ಲಿ ದಮ್ಮಿನ ತೊಂದರೆಯವರಿದ್ದರೆ ಬೂಸ್ಟನ್ನು ಒಣಗಿದಾಗ ಕೆರೆಯಬಾರದು, ಬೀಜಕಣ ಏಳುತ್ತದೆ. ಒದ್ದೆ ಮಾಡಿ ಒರೆಸಬೇಕು.

ಮಳೆಯೊಂದಿಗೆ ಬರುವ ರೋಗಕ್ಕೆ ಮಳೆಗೆ ಮೊದಲೇ ಮದ್ದು ಹಾಕಬೇಕೆಂಬುದು ಈ ಸೀಮೆಯ ಅಡಿಕೆ ತೋಟದವರಿಗೆ ಹೊಸ ಪಾಠವಲ್ಲ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಾಗಿನಿಂದ ಗೊನೆಗೆ ಮದ್ದು ಬೀಳುವುದು ಮಳೆ ಬಲಿಯುವ ಮುನ್ನವೇ. ಕೊಳೆರೋಗದ ಜೀವಿಯನ್ನು ಈಗ ಶಿಲೀಂಧ್ರಗಳಿಂದ ಬೇರೆಯೇ ಗುಂಪಿನಲ್ಲಿಡುತ್ತಾರೆ, ಆದರೂ ತೇವದ ಹೊತ್ತು ಕಾಯುವ ಅದರ ಗುಣ ಬೂಸ್ಟಿನದ್ದೇ. ಬಚ್ಚಲಿಗೂ ಅದೇ ಪಾಠ: ಸಂದಿ ಕೆರೆದು ಹೊಸ ಗ್ರೌಟ್ ತುಂಬುವುದು, ಕಪ್ಪಾದ ಸಿಲಿಕೋನ್ ಕಿತ್ತು ಬದಲಿಸುವುದು, ಚಾವಣಿ ಕೆರೆದು ಸುಣ್ಣ ಅಥವಾ ಬಣ್ಣ ಬಳಿಯುವುದು, ಫ್ಯಾನಿನ ರೆಕ್ಕೆಯ ಧೂಳು ತೆಗೆಯುವುದು ಎಲ್ಲಕ್ಕೂ ಒಣ ಗೋಡೆ ಬೇಕು, ಮೇಲಿಂದ ನಾಲ್ಕೈದು ದಿನ ನೀರು ತಾಗದ ಬಿಡುವು ಬೇಕು. ಮೇ 24ರ ಸುಮಾರಿಗೆ ಬರುವ ಪತ್ತನಾಜೆ ಎಂಬ ತುಳು ಆಚರಣೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಬಚ್ಚಲಿನ ಈ ಕೆಲಸಗಳೂ ಅಷ್ಟರೊಳಗೆ ಮುಗಿದಿರಬೇಕು. ಜೂನ್ ಮೊದಲ ವಾರದ ಮಳೆ ಬಿದ್ದ ಮೇಲೆ ತುಂಬಿದ ಗ್ರೌಟ್ ಹಸಿಯಾಗಿಯೇ ಉಳಿಯುತ್ತದೆ, ಅದರ ಮೇಲಿನ ಕಪ್ಪು ಗಣೇಶ ಚೌತಿಗೆ ಮೊದಲೇ ಕಾಣಿಸುತ್ತದೆ.